ಕಲೆ ನಿಂದು, ಕೈ ಅವ್ವಂದು ಯಾಕ?

1/10

ಫೋಟೋದಾಗ ಒಂದು ಬಿಳಿ ಚಾದರ್ ಕಾಣ್ತದಲ್ರಿ, ಅದು ನಮ್ಮ ಮನಿದು. ನಡುವ ಅಂಗೈಯಷ್ಟು ತಿಳಿ ಹಳದಿ ಕಲೆ ಅದ. ಝೂಮ್ ಮಾಡಿದ್ರ ಮಾತ್ರ ಕಾಣ್ತದ. ಫಿಲ್ಟರ್ ಹಾಕಿದ್ರ ಅಳಿಸಿ ಹೋಗ್ತಿತ್ತು. ಬೇಕಂತಲೇ ಹಾಕಿಲ್ಲ.

ಈ ಪೇಜಿನಾಗ ನಾನು ಯಾವಾಗಲೂ ಬ್ರಹ್ಮಪುರದ ಓಣಿ, ಗುಡಿ, ಜಾತ್ರಿ, ಊಟ ಇವನ್ನೇ ಹಾಕ್ತಿರ್ತೀನಿ. ಹೋಳಿಗಿ ಫೋಟೋ ಹಾಕಿದ್ರ ನೀವೆಲ್ಲಾ ಹಾರ್ಟ್ ಒತ್ತತೀರಿ. ಇವತ್ತು ಊಟ ಆದಮ್ಯಾಲ ಏನ್ ಉಳಿತದಲ್ಲ, ಅದರ ಬಗ್ಗೆ ಬರೀತೀನಿ. ಚಾದರಿನ ಮ್ಯಾಲ ಬಿದ್ದ ಪಲ್ಯ, ಟಾವೆಲ್ಲಿಗೆ ಒರೆಸಿದ ಉಪ್ಪಿನಕಾಯಿ ಎಣ್ಣಿ, ದಿಂಬಿನ ಗಲೀಫಿನ ಮ್ಯಾಲ ಚೆಲ್ಲಿದ ಚಹಾ. ನಮ್ಮ ಕಡೆ ಇದಕ್ಕ ಡಾಗ್ ಅಂತೀವಿ. ಡಾಗ್ ಬಿತ್ತು ಅಂತೀವಿ, ನಾನು ಚೆಲ್ಲಿದೆ ಅಂತ ಯಾರೂ ಅನ್ನಲ್ಲ. ಅದು ತಾನೇ ಬಂದು ಬಿದ್ದಂಗ!

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಪೂರಾ ಓದಲಾಕ ಪುರಸೊತ್ತು ಇಲ್ಲದವರು ಇಷ್ಟು ಓದಿ ಹೋಗ್ರಿ: ಕಲೆ ಬಿದ್ದ ಮೊದಲ ಹತ್ತು ನಿಮಿಷ ಯಾರು ಚೆಲ್ಲಿದ್ರೋ ಅವರವು. ಆ ಹತ್ತು ನಿಮಿಷ ನೀವು ದುಡಿಲಿಲ್ಲ ಅಂದ್ರ ಆಮ್ಯಾಲ ಬ್ಯಾರೆ ಯಾರೋ ಎರಡು ತಾಸು ದುಡೀಬೇಕಾಗ್ತದ. ಆ ಬ್ಯಾರೆ ಯಾರೋ ಅನ್ನೋರು ಹೆಚ್ಚಾಗಿ ನಿಮ್ಮ ಅವ್ವ ಆಗಿರ್ತಾರ.

ಇದು ನೀತಿಪಾಠ ಅಲ್ಲ. ನನ್ನ ಮ್ಯಾಲ ಬಂದದ್ದನ್ನ ಹೇಳ್ಲಾಕತ್ತೀನಿ. ಮುಂದಿನ ಪೋಸ್ಟಿಗೆ ಬರ್ರಿ.

2/10

ಹೋದ ಎಳ್ಳ ಅಮಾಸಿ. ನಮ್ಮ ಹೊಲ ಕಮಲಾಪುರ ಕಡೆ ಅದ. ನಮ್ಮ ಜಿಲ್ಲಾದವರಿಗಿ ಹೇಳೋದೇ ಬ್ಯಾಡ, ಬೆಂಗಳೂರು-ಮೈಸೂರು ಕಡೆಯ ಫಾಲೋವರ್ಸಿಗೆ ಹೇಳ್ತೀನಿ: ಅವತ್ತು ಬುಟ್ಟಿ ಕಟ್ಕೊಂಡು ಮನಿಮಂದಿ ಎಲ್ಲಾ ಹೊಲಕ್ಕ ಹೋಗ್ತೀವಿ. ಭೂತಾಯಿಗಿ ಪೂಜಿ ಮಾಡಿ, ಹೊಲದ ತುಂಬ ಚರಗ ಚೆಲ್ಲಿ, ಆಮ್ಯಾಲ ಬೆಳಿ ನಡುವ ಕುಂತು ಊಟ. ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಶೇಂಗಾ ಹಿಂಡಿ, ಎಣ್ಣಿಗಾಯಿ, ಮತ್ತ ಎಲ್ಲಾ ಕಾಳು, ಎಲ್ಲಾ ತರಕಾರಿ ಕೂಡಿಸಿ ಕುದಿಸಿದ ಭಜ್ಜಿ. ಆ ಭಜ್ಜಿ ಸಲುವಾಗಿಯೇ ವರ್ಷ ಪೂರಾ ದಾರಿ ಕಾಯ್ತೀವಿ.

ಕುಂದ್ರಲಾಕ ಅವ್ವ ಈ ಬಿಳಿ ಚಾದರ್ ಹಾಸಿದ್ಳು. ಇದು ನಮ್ಮ ಆಯಿ, ಅಂದ್ರ ಅವ್ವನ ಅವ್ವ, ಲಗ್ನದಾಗ ಕೊಟ್ಟದ್ದು. ಟ್ರಂಕಿನಿಂದ ವರ್ಷಕ್ಕ ಎರಡು ಸರ್ತಿ ಹೊರಗ ಬರ್ತದ. ಇದನ್ನ ಯಾಕ ತಂದಿ ಅಂತ ಅಪ್ಪ ಕೇಳಿದ್ದಕ್ಕ, "ಇವತ್ತ ಹಾಸಲಿಲ್ಲಂದ್ರ ಮತ್ಯಾವಾಗ ಹಾಸ್ಲಿ?" ಅಂದ್ಳು.

ನನ್ನ ಒಂದು ಕೈಯಾಗ ಫೋನ್, ಇನ್ನೊಂದು ಕೈಯಾಗ ಭಜ್ಜಿ ಬಟ್ಟಲ. ರೀಲ್ ಮಾಡ್ಲಾಕತ್ತಿದ್ದೆ. ಗಾಳಿಗಿ ಜೋಳದ ಬೆಳಿ ಅಲುಗೋದು ಚಂದ ಕಾಣ್ತಿತ್ತು. ಅದನ್ನ ಹಿಡಿಯಲಾಕ ಹೊಳ್ಳಿದೆ, ಬಟ್ಟಲ ಬಗ್ಗಿತು, ಅರ್ಧ ಭಜ್ಜಿ ಚಾದರಿನ ಮ್ಯಾಲ.

ಅವ್ವ ಬೈಲಿಲ್ಲ. "ಬಾವಿ ನೀರು ಅಲ್ಲೇ ಅದ, ಈಗೇ ಒಂದೀಟು ಹಿಂಡಿ ತಾ" ಅಂದ್ಳು. ನಾನು "ಮನಿಗಿ ಹೋದಮ್ಯಾಲ ನೋಡಮು ಬಿಡವ್ವ" ಅಂದೆ. ಕಲೆ ಒಳಗ ಬರೋಹಂಗ ಮಡಚಿ, ಬುಟ್ಟಿಯ ತಳಕ್ಕ ತುರುಕಿದೆ. ಮನಿಗಿ ಬಂದಮ್ಯಾಲ ರೀಲ್ ಎಡಿಟ್ ಮಾಡ್ದೆ, ಹಾಡು ಹಚ್ಚಿದೆ, ಹಾಕ್ದೆ. ನಿಮ್ಮಾಗ ಭಾಳ ಮಂದಿ ಲೈಕ್ ಮಾಡೀರಿ.

ಚಾದರ್ ನೆನಪೇ ಇರ್ಲಿಲ್ಲ.

3/10

ಮೂರನೇ ದಿನ ಅವ್ವ ಬುಟ್ಟಿ ತೊಳಿಲಾಕ ತೆಗೆದಾಗ ಚಾದರ್ ಸಿಕ್ಕದ. ಕಲೆ ಒಣಗಿ ಹಿಡಿದುಬಿಟ್ಟಿತ್ತು. ಬಟ್ಟಿ ಸಾಬೂನು ಹಚ್ಚಿ ತಿಕ್ಕಿದ್ಳು. ಹಳದಿ ಇದ್ದದ್ದು ಕೆಂಪಾಗಿಬಿಡ್ತು. ಅಕಿಗಿ ಗಾಬರಿ. ನಾನು ಕಾಲೇಜಿನಾಗ ಇದ್ದೆ. ಫೋನ್ ಮಾಡಿ, "ತಿಕ್ಕಿದಷ್ಟು ಕೆಂಪಾಗ್ಲಾಕತ್ತದೋ, ಏನ್ ಮಾಡ್ಲಿ?" ಅಂದ್ಳು.

ನಾನು ದೋಸ್ತರ ಕೂಡ ಕ್ಯಾಂಟೀನಿನಾಗ ಇದ್ದೆ. ಫೋನ್ ಲಗೂನೇ ಇಡಬೇಕಾಗಿತ್ತು. ಸರ್ಚ್ ಮಾಡ್ದೆ, ಮೊದಲು ಸಿಕ್ಕ ರೀಲ್ ಅವ್ವಗ ಫಾರ್ವರ್ಡ್ ಮಾಡ್ದೆ. ಪೂರಾ ನೋಡಲೇ ಇಲ್ಲ. ಅದರಾಗ ಕೈಗೆ ಗ್ಲೌಸ್ ಹಾಕಿದ ಯಾರೋ ಬ್ಲೀಚಿಗೆ ವಿನೆಗರ್ ಕೂಡಿಸಿ, ಡಬಲ್ ಪವರ್ ಅಂತ ತೋರಿಸ್ತಿದ್ರು.

ನಮ್ಮ ಮನ್ಯಾಗ ವಿನೆಗರ್ ಎಲ್ಲಿಂದ ಬರಬೇಕು? ಹುಳಿ ಇರೋದು ಏನಾದ್ರೂ ಆದೀತು ಅಂತ ಅವ್ವ ಬಾತ್‌ರೂಮ್ ತೊಳಿಯೋ ಆಸಿಡ್ ಬಕೆಟಿಗೆ ಹಾಕಿದ್ಳು. ಸೊಳ್ಳಿ ಬರ್ತಾವ ಅಂತ ಕಿಟಕಿ ಮುಚ್ಚಿದ್ದು. ಬಕೆಟಿನ ಮುಂದ ಕುಕ್ಕರಗಾಲಿನಾಗ ಕುಂತಿದ್ಳು.

ಬಾಜೂ ಮನಿ ಕಾಕುಗ ಕೆಮ್ಮು ಕೇಳಿಸಿ ಓಡಿ ಬಂದು, ಕೈ ಹಿಡಿದು ಅಂಗಳಕ್ಕ ಎಳಕೊಂಡು ಬಂದ್ರು. ನಾನು ದವಾಖಾನಿ ಮುಟ್ಟೋದ್ರಾಗ ಅವ್ವನ ಮೂಗಿಗೆ ಆಕ್ಸಿಜನ್ ಹಚ್ಚಿದ್ರು. ಕಣ್ಣು ಕೆಂಡದಂಗ. ಡಾಕ್ಟರ್ ಕೇಳಿದ್ರು, "ಹಿಂಗ ಕೂಡಿಸ್ರಿ ಅಂತ ಯಾರು ಹೇಳಿದ್ರಮ್ಮ?"

ಅವ್ವ ನನ್ನ ಮಾರಿ ನೋಡಿದ್ಳು. "ಯಾರೂ ಹೇಳಿಲ್ರಿ, ನನಗೇ ತಿಳೀಲಿಲ್ಲ" ಅಂದ್ಳು.

ರಾತ್ರಿ ಮನಿಗಿ ಬಂದ್ವಿ. ಕೆಮ್ಮು ಹೋಗಲಾಕ ಎರಡು ವಾರ ಹಿಡೀತು. ಆ ಎರಡು ವಾರ ಅವ್ವ ರಾತ್ರಿ ಕೆಮ್ಮಿದಾಗೆಲ್ಲಾ ನನಗ ಎಚ್ಚರ ಆಗ್ತಿತ್ತು.

4/10

ಉಳಿದದ್ದು ಬರಿಯೋಕಿಂತ ಮೊದಲು ಇದೊಂದು. ಈ ಪೋಸ್ಟ್ ಸೇವ್ ಮಾಡ್ಕೊಳ್ರಿ, ಫ್ಯಾಮಿಲಿ ಗ್ರೂಪಿಗೆ ಕಳಿಸ್ರಿ.

ಬ್ಲೀಚ್ ಅಂದ್ರ ಸೋಡಿಯಂ ಹೈಪೋಕ್ಲೋರೈಟ್ ಇರೋ ನೀರು. ಅದಕ್ಕ ಯಾವುದೇ ಆಮ್ಲ ಕೂಡಿದ್ರ ಕ್ಲೋರಿನ್ ಅನಿಲ ಬರ್ತದ. ಟಾಯ್ಲೆಟ್ ಕ್ಲೀನರ್, ಬಾತ್‌ರೂಮ್ ಆಸಿಡ್, ವಿನೆಗರ್, ನಿಂಬಿರಸ, ಎಲ್ಲವೂ ಆಮ್ಲವೇ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪರ್ ಹತ್ತಿರ ಜರ್ಮನ್ ಸೈನ್ಯ ಎದುರಾಳಿ ಸೈನಿಕರ ಮ್ಯಾಲ ಬಿಟ್ಟದ್ದು ಇದೇ ಅನಿಲ. ಯುದ್ಧದಾಗ ಬಳಸಿದ್ದನ್ನ ನಾವು ನಾಲ್ಕು ಅಡಿ ಬಾತ್‌ರೂಮಿನಾಗ ತಯಾರ್ ಮಾಡ್ತೀವಿ.

ಕ್ಲೋರಿನ್ ಗಾಳಿಗಿಂತ ಭಾರ. ಅಂದ್ರ ಅದು ಮ್ಯಾಲ ಏರಲ್ಲ, ನೆಲದ ಹಂತ್ಯಾಕೇ ನಿಲ್ತದ. ನಿಂತವರಕಿಂತ ಕುಂತವರಿಗಿ ಜಾಸ್ತಿ ತಾಕ್ತದ. ನಮ್ಮ ಮನಿಗಳಾಗ ಕುಂತು ಒಗೆಯೋರು ಯಾರು, ನೀವೇ ನೆನಪ ಮಾಡ್ಕೊಳ್ರಿ.

ಅಮೋನಿಯಾ ಇರೋ ಕ್ಲೀನರ್ ಕೂಡಿದ್ರೂ ವಿಷದ ಅನಿಲವೇ ಬರ್ತದ. ಅದಕ್ಕ ನಿಯಮ ಒಂದೇ: ಬ್ಲೀಚಿಗೆ ನೀರು ಬಿಟ್ಟು ಇನ್ನೇನೂ ಕೂಡಿಸಬ್ಯಾಡ್ರಿ. ಒಂದು ಬಾಟ್ಲಿಕಿಂತ ಎರಡು ಬಾಟ್ಲಿ ಜೋರು ಅನ್ನೋ ಲೆಕ್ಕ ಇಲ್ಲಿ ನಡಿಯಲ್ಲ.

ತಪ್ಪಿ ಕೂಡಿಸಿದ್ರ ಬಕೆಟ್ ಎತ್ತಿ ಚೆಲ್ಲಲಾಕ ಹೋಗಬ್ಯಾಡ್ರಿ. ಮೊದಲು ನೀವು ಹೊರಗ ಬರ್ರಿ, ಉಳಿದವರನ್ನೂ ಹೊರಗ ಕರ್ಕೊಂಡು ಬರ್ರಿ, ಬಯಲು ಗಾಳಿಗಿ ಹೋಗ್ರಿ. ಕೆಮ್ಮು, ಎದಿಬಿಗಿ, ಉಸಿರಿಗೆ ತ್ರಾಸ್ ಇದ್ರ 108ಕ್ಕ ಫೋನ್ ಮಾಡ್ರಿ.

ಇನ್ನ ರೀಲಿನ ಮಾತು. ರೀಲ್ ಮಾಡಿದವರನ್ನ ಬೈಯೋದು ಸುಲಭ. ಆದ್ರ ಅವರಿಗೆ ನಮ್ಮ ಬಾತ್‌ರೂಮಿನ ಕಿಟಕಿ ಮುಚ್ಚಿದ್ದು ಗೊತ್ತಿರಲಿಲ್ಲ, ವಿನೆಗರ್ ಇಲ್ಲದ್ದು ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ಕೈ ಹಚ್ಚೋ ಬದಲಿ ಲಿಂಕ್ ಕಳಿಸಿದಾವ ನಾನು.

5/10

ಸಾಬೂನು ಹಚ್ಚಿದ್ರ ಅರಿಶಿಣದ ಕಲೆ ಕೆಂಪ್ಯಾಕಾತು? ಇದರ ಉತ್ತರ ನಿಮಗೂ ಗೊತ್ತದ, ನನಗೂ ಗೊತ್ತದ. 10ನೇ ಕ್ಲಾಸ್ ವಿಜ್ಞಾನ ಪುಸ್ತಕದಾಗ ಆಮ್ಲ-ಪ್ರತ್ಯಾಮ್ಲದ ಪಾಠದ ಶುರುವಿಗೇ ಅದ. ಅರಿಶಿಣ ಒಂದು ಸೂಚಕ. ಸಾಬೂನು ಪ್ರತ್ಯಾಮ್ಲೀಯ. ಪಲ್ಯದ ಕಲೆಗೆ ಸಾಬೂನು ತಾಗಿದ್ರ ಕೆಂಗಂದು ಬಣ್ಣ ಆಗ್ತದ, ಭಾಳ ನೀರಿನಾಗ ತೊಳೆದ್ರ ತಿರುಗಿ ಹಳದಿ ಆಗ್ತದ. ಲ್ಯಾಬಿನಾಗ ಅರಿಶಿಣದ ಕಾಗದ ಅದ್ದಿ ನೋಡೀವಿ, ಪರೀಕ್ಷಾದಾಗ ಬರದೀವಿ, ಮಾರ್ಕ್ಸ್ ತಗೊಂಡೀವಿ.

ಅವ್ವ ಫೋನಿನಾಗ "ಕೆಂಪಾಗ್ಲಾಕತ್ತದ" ಅಂದಾಗ ನನ್ನ ತಲ್ಯಾಗ ಆ ಪಾಠ ಬರಲೇ ಇಲ್ಲ. "ಗಾಬರಿ ಆಗಬ್ಯಾಡವ್ವ, ಅದು ಸಾಬೂನಿಗೆ ಹಂಗ ಆಗ್ತದ, ನೀರು ಹಾಕು, ಹಳದಿ ಆಗ್ತದ" ಅಂತ ಹೇಳಿದ್ರ ಮುಗಿದೇ ಹೋಗ್ತಿತ್ತು. ಪುಸ್ತಕದ ವಿದ್ಯಾ ಪುಸ್ತಕದಾಗೇ ಉಳೀತು.

ಅದೇ ಪುಸ್ತಕದಾಗ ಗಡಸು ನೀರಿನ ಪಾಠನೂ ಅದ. ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಜಾಸ್ತಿ ಇರೋ ನೀರಿನಾಗ ಸಾಬೂನು ನೊರಿ ಬರಲ್ಲ, ಬಿಳಿ ಗಸಿ ಕಟ್ತದ. ನಮ್ಮ ಮನಿ ಬೋರಿನ ನೀರು ಅಂಥದ್ದೇ. ನಳ ಬರದ ದಿನ ಅವ್ವ ಬೋರಿನ ನೀರಿನಾಗ ಬಾರ್ ಸಾಬೂನು ಹಚ್ಚಿ ತಿಕ್ಕೇ ತಿಕ್ತಾಳ, ಅರ್ಧ ಸಾಬೂನು ಗಸಿಗೇ ಹೋಗ್ತದ. ಡಿಟರ್ಜೆಂಟ್ ಪುಡಿಗೆ ಅಥವಾ ಪಾತ್ರಿ ತೊಳಿಯೋ ಲಿಕ್ವಿಡಿಗೆ ಈ ತ್ರಾಸ್ ಕಡಿಮಿ. ಈ ಒಂದು ಮಾತು ಮನ್ಯಾಗ ಹೇಳಿದ್ರ ಅವ್ವನ ರಟ್ಟಿಗೆ ಎಷ್ಟು ಆರಾಮ ಆಗ್ತದ ನೋಡ್ರಿ.

ನಾವು ಸಾಲಿ ಕಲ್ತವರು ಅಂತ ಮೆರಿತೀವಿ. ಕಲ್ತದ್ದು ಬಚ್ಚಲದ ತನ ಬರಲಿಲ್ಲಂದ್ರ ಏನ್ ಕಲ್ತಂಗಾತು?

6/10

ಹತ್ತು ನಿಮಿಷ ಅಂತ ಯಾಕ ಹಟ ಹಿಡೀತೀನಿ ಅಂದ್ರ, ಕಲೆ ಅನ್ನೋದು ಹೊತ್ತಿನ ಆಟ. ಬಿದ್ದ ಕೂಡ್ಲೇ ಅದು ಬಟ್ಟಿ ಮ್ಯಾಲ ಇರ್ತದ. ಹೊತ್ತು ಹೋದಂಗ ಎಳಿಯೊಳಗ ಇಳಿತದ. ಒಣಗಿದ್ರ ಹಿಡಿತದ. ಬಿಸಿನೀರು ಇಲ್ಲಾ ಇಸ್ತ್ರಿ ತಾಗಿತಂದ್ರ ಕಾಯಂ ಆಗ್ತದ.

ನಮ್ಮ ಊಟದ ಕಲೆಗಳಂತೂ ಭಾಳ ಹಟಮಾರಿ. ಅರಿಶಿಣದ ಬಣ್ಣಕ್ಕ ಕಾರಣ ಕರ್ಕ್ಯುಮಿನ್. ಅದು ನೀರಿನಾಗ ಕರಗಲ್ಲ ಅಂದ್ರೂ ನಡೀತದ, ಎಣ್ಣಿಯೊಳಗ ಕರಗ್ತದ. ಒಣಮೆಣಸಿನಕಾಯಿಯ ಕೆಂಪು ಬಣ್ಣನೂ ಎಣ್ಣಿಯ ದೋಸ್ತ. ಎಣ್ಣಿಗಾಯಿ ಬದನಿಕಾಯಿ ಬಿತ್ತಂದ್ರ ಎಣ್ಣಿ, ಅರಿಶಿಣ, ಖಾರ ಮೂರೂ ಕೈ ಹಿಡ್ಕೊಂಡು ಬಟ್ಟಿಯೊಳಗ ಇಳಿತಾವ. ಬರೇ ನೀರು ಹಾಕಿ ತಿಕ್ಕಿದ್ರ ಬಣ್ಣ ಹೋಗಲ್ಲ, ಅಗಲ ಆಗ್ತದ ಅಷ್ಟೇ. ಮೊದಲು ಎಣ್ಣಿ ಬಿಡಿಸಬೇಕು, ಅದರ ಹಿಂದ ಬಣ್ಣ ಬರ್ತದ.

ಮೊಸರು, ಹಾಲು, ತತ್ತಿ ಬ್ಯಾರೆ ಜಾತಿ. ಅವು ಪ್ರೋಟೀನ್. ತತ್ತಿಗಿ ಬಿಸಿ ತಾಗಿದ್ರ ಗಟ್ಟಿ ಆಗೋದು ನೋಡೀರಲ್ಲ, ಬಟ್ಟಿ ಮ್ಯಾಲನೂ ಹಂಗೇ. ಅವಕ್ಕ ತಣ್ಣೀರೇ ಬೇಕು.

ಕಮಲಾಪುರದ ಕೆಂಪು ಬಾಳಿಹಣ್ಣು ನಮ್ಮ ಹೆಮ್ಮಿ, ಜಿಐ ಟ್ಯಾಗ್ ಸಿಕ್ಕದ. ಆದ್ರ ಬಾಳಿಯ ಸೊನಿ ಬಟ್ಟಿಗಿ ಬಿದ್ರ ಮೊದಲು ಏನೂ ಕಾಣಲ್ಲ, ನೀರು ಬಿದ್ದಂಗಷ್ಟೇ. ಆಮ್ಯಾಲ ಗಾಳಿ ತಾಗಿ ಕಂದು ಆಗ್ತದ, ಆದಮ್ಯಾಲ ಹೋಗಲ್ಲ. ಬಾಳಿತ್ವಾಟದಾಗ ದುಡಿಯೋರ ಅಂಗಿ ನೋಡ್ರಿ, ತಿಳೀತದ. ಕಾಣದೇ ಇರೋ ಕಲೆಗೂ ಕೂಡ್ಲೇ ನೀರು ಹಾಕಬೇಕು ಅನ್ನೋದಕ್ಕ ಅದೇ ಸಾಕ್ಷಿ.

ಹೋದ ರಂಜಾನಿಗೆ ದರ್ಗಾ ಕಡೆ ಇರೋ ಒಬ್ಬ ದೋಸ್ತನ ಮನಿಗಿ ಊಟಕ್ಕ ಹೋಗಿದ್ದೆ. ಬಟ್ಟಿ ದಸ್ತರಖಾನಿನ ಮ್ಯಾಲ ತಹಾರಿ. ನನ್ನ ಕೈಲಿಂದ ಚೂರು ಬಿತ್ತು. ಊಟ ಮುಗಿದ ಕೂಡ್ಲೇ ದೋಸ್ತ ಎದ್ದು, ದಸ್ತರಖಾನ್ ಮಡಚಿ, ಅಂಗಳಕ್ಕ ಒಯ್ದು ಝಾಡಿಸಿ, ಕಲೆ ಇದ್ದಷ್ಟು ಜಾಗಾ ನಳದ ಕೆಳಗ ಹಿಡಿದು ಲಿಕ್ವಿಡ್ ಹಚ್ಚಿ ಬಂದ. ಪೂರಾ ಐದು ನಿಮಿಷ ಹಿಡೀಲಿಲ್ಲ. "ಇದು ನಿನ್ನ ಕೆಲಸ ಏನೋ?" ಅಂದೆ. "ಉಂಡಾವ ನಾನಲ್ಲೇನು?" ಅಂದ.

7/10

ಈಗ ಮಾಡೋದು ಹೆಂಗ ಅಂತ. ಇದೂ ಸೇವ್ ಮಾಡ್ಕೊಳ್ರಿ.

ಒಂದು. ಬಿದ್ದದ್ದನ್ನ ಚಮಚದಿಂದ ಇಲ್ಲಾ ರೊಟ್ಟಿ ಚೂರಿನಿಂದ ಎತ್ತಿ ತೆಗೀರಿ. ಒರೆಸಬ್ಯಾಡ್ರಿ, ತಿಕ್ಕಬ್ಯಾಡ್ರಿ. ಒಣ ಬಟ್ಟಿ ಒತ್ತಿ ಹೀರಿಸ್ರಿ.

ಎರಡು. ಎಣ್ಣಿ ಇದ್ರ ಮ್ಯಾಲ ಜೋಳದ ಹಿಟ್ಟು ಉದುರಿಸ್ರಿ. ಹದಿನೈದು ನಿಮಿಷ ಬಿಟ್ಟು ಝಾಡಿಸ್ರಿ. ಹಿಟ್ಟು ಎಣ್ಣಿ ಕುಡೀತದ. ನಮ್ಮ ಮನಿಗಳಾಗ ಜೋಳದ ಹಿಟ್ಟಿಗೇನು ಬರಗಾಲ ಇಲ್ಲ.

ಮೂರು. ಬಟ್ಟಿ ತಿರುವಿ ಹಿಂದಿನ ಕಡೆಯಿಂದ ತಣ್ಣೀರು ಬಿಡ್ರಿ. ಮುಂದಿನ ಕಡೆಯಿಂದ ಬಿಟ್ರ ಕಲೆ ಇನ್ನೂ ಒಳಗ ಹೋಗ್ತದ.

ನಾಲ್ಕು. ಪಾತ್ರಿ ತೊಳಿಯೋ ಲಿಕ್ವಿಡ್ ಎರಡು ಹನಿ ಹಾಕಿ ಬೆರಳಿಂದ ಮೆಲ್ಲಕ ಸವರ್ರಿ, ಇಪ್ಪತ್ತು ನಿಮಿಷ ಬಿಡ್ರಿ. ಕೆಂಪಾದ್ರ ಅಂಜಬ್ಯಾಡ್ರಿ. ನೀರು ಹಾಕಿ ತೊಳೀರಿ. ಬೇಕಾದ್ರ ಇನ್ನೊಂದ ಸಲ.

ಐದು. ಹಸಿ ಇದ್ದಾಗಲೇ ಬಿಸಲಿಗಿ ಹಾಕ್ರಿ. ಬಣ್ಣದ ಬಟ್ಟಿ ಆದ್ರ ಬಿಸಲಿಗೆ ಅದರ ಬಣ್ಣನೂ ಹೋಗ್ತದ, ಅದಕ್ಕ ಕಲೆ ಇದ್ದಷ್ಟೇ ಜಾಗಾ ಬಿಸಲಿಗಿ ಬರೋಹಂಗ ಹಾಕ್ರಿ.

ಆರು. ಕಲೆ ಪೂರಾ ಹೋಗೋ ತನ ಬಿಸಿನೀರು, ಇಸ್ತ್ರಿ ಬ್ಯಾಡ.

ಚಹಾ ಬಿದ್ರ ಕೂಡ್ಲೇ ತಣ್ಣೀರು, ಆಮ್ಯಾಲ ಡಿಟರ್ಜೆಂಟಿನಾಗ ನೆನಸ್ರಿ. ಮೊಸರು-ತತ್ತಿಗೂ ಹಂಗೇ. ಕೌದಿ ಮ್ಯಾಲ ಬಿದ್ರ ಪೂರಾ ಕೌದಿ ನೀರಿನಾಗ ಅದ್ದಬ್ಯಾಡ್ರಿ, ಕಲೆ ಇದ್ದ ಜಾಗಾ ಮಾತ್ರ ತೊಳೀರಿ. ನೆನೆದ ಕೌದಿ ಒಬ್ಬರ ಕೈಲಿಂದ ಎತ್ತಲಾಕ ಆಗಲ್ಲ, ಒಳಗ ಹಸಿ ಉಳಿದ್ರ ವಾಸನಿ ಬೀಳ್ತದ.

ಹಳೇ ಕಲೆ, ಬಿಳಿ ಅರಳೆ ಬಟ್ಟಿ ಆದ್ರ ಮೆಡಿಕಲ್ ಅಂಗಡ್ಯಾಗ ಸಿಗೋ 3% ಹೈಡ್ರೋಜನ್ ಪೆರಾಕ್ಸೈಡ್ ಅಷ್ಟೇ ಹಚ್ಚಿ, ಅರ್ಧ ತಾಸು ಬಿಟ್ಟು, ತೊಳೆದು, ಬಿಸಲಿಗಿ ಹಾಕ್ರಿ. ಅದರ ಜೊತಿಗೂ ಏನೂ ಕೂಡಿಸಬ್ಯಾಡ್ರಿ. ಮೊದಲು ಮೂಲ್ಯಾಗ ಹಚ್ಚಿ ನೋಡ್ರಿ. ರೇಷ್ಮಿ, ಉಣ್ಣಿಗೆ ಬ್ಲೀಚ್ ಅಂತೂ ಬ್ಯಾಡೇ ಬ್ಯಾಡ.

8/10

ಬಿಸಲಿನ ಮಾತು ಇನ್ನೂ ಒಂದೀಟು ಅದ.

ನಮ್ಮ ಕಲಬುರಗಿ ಬಿಸಲಿಗೆ ಎಷ್ಟು ಮೀಮ್ ಮಾಡೀವಿ! ಮೇ ತಿಂಗಳದಾಗ 42-43 ಡಿಗ್ರಿ, ಸೂಪರ್ ಮಾರ್ಕೆಟಿಗಿ ಹೋಗಿ ಬರೋದ್ರಾಗ ತಲಿ ತಿರುಗ್ತದ. ಆದ್ರ ಅರಿಶಿಣಕ್ಕ ಬಿಸಲಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಬೆಳಕಿಗೆ ಕರ್ಕ್ಯುಮಿನ್ ಒಡೀತದ, ಬಣ್ಣ ಕಳಕೊಳ್ತದ. ಖಾರದ ಕೆಂಪು, ಮಾವಿನಹಣ್ಣಿನ ಹಳದಿನೂ ಬಿಸಲಿಗೆ ಮಾಸ್ತಾವ. ರೊಕ್ಕ ಕೊಟ್ಟು ಬ್ಲೀಚ್ ತರೋ ನಮ್ಮ ಮಾಳಿಗಿ ಮ್ಯಾಲ ವರ್ಷದ ಹೆಚ್ಚಿನ ದಿನ ಪುಕ್ಕಟೆ ಬ್ಲೀಚ್ ಸುರಿತಿರ್ತದ.

ಇದು ನಾನು ಕಂಡುಹಿಡಿದದ್ದಲ್ಲ. ಅಗಸರು ತಲಿತಲಾಂತರದಿಂದ ಮಾಡಿದ್ದೇ ಇದು. ಸವಳು ನೀರಿನಾಗ ಅದ್ದಿ, ಉಬ್ಬೆಗೆ ಹಾಕಿ ಹಬೆಯಾಗ ಬೇಯಿಸಿ, ಕಲ್ಲಿಗೆ ಒಗೆದು, ಹಳ್ಳದ ದಂಡಿ ಮ್ಯಾಲ ಬಿಸಲಿಗೆ ಹರವೋದು. ಕ್ಷಾರ, ಬಿಸಿ, ಬೆಳಕು, ಹೊತ್ತು. ಯಾವುದಕ್ಕ ಎಷ್ಟು ಬೇಕು ಅನ್ನೋದು ಅವರ ಕೈಗೆ ಗೊತ್ತಿತ್ತು. ಅದು ರಸಾಯನಶಾಸ್ತ್ರ ಅಲ್ಲದೆ ಇನ್ನೇನು? ಆದ್ರ ನಾವು ಅದಕ್ಕ ವಿದ್ಯಾ ಅಂತ ಹೆಸರಿಡಲಿಲ್ಲ, ಜಾತಿ ಅಂತ ಹೆಸರಿಟ್ವಿ.

12ನೇ ಶತಮಾನದಾಗ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕ ಬಂದ ಮಡಿವಾಳ ಮಾಚಿದೇವರು ಶರಣರ ಬಟ್ಟಿ ಒಗೆಯೋ ಕಾಯಕ ಮಾಡಿದ್ರು. ಅದೇ ಕೈಯಿಂದ ವಚನ ಬರದ್ರು. ಕಲಿದೇವರದೇವ ಅನ್ನೋದು ಅವರ ಅಂಕಿತ. ಆ ಕಲ್ಯಾಣ ನಮಗೇನು ದೂರ ಇಲ್ಲ, ಬಾಜೂ ಜಿಲ್ಲಾದಾಗೇ ಅದ. ಜಯಂತಿ ದಿನ ಫೋಟೋ ಹಾಕ್ತೀವಿ, ಸ್ಟೇಟಸ್ ಇಡ್ತೀವಿ, ಕಾಯಕವೇ ಕೈಲಾಸ ಅಂತ ಭಾಷಣ ಕೇಳ್ತೀವಿ. ಅವತ್ತೇ ಸಂಜೀಕ ಉಂಡ ಕೈ ಟಾವೆಲ್ಲಿಗೆ ಒರೆಸಿ ಬಕೆಟಿಗೆ ಒಗಿತೀವಿ.

ನಮ್ಮ ಬ್ರಹ್ಮಪುರ ಅಂದ್ರ ಶರಣಬಸವೇಶ್ವರರ ಗುಡಿ, ಶರಣಬಸವೇಶ್ವರರು ಅಂದ್ರ ದಾಸೋಹ. ಉಣಿಸೋದಕ್ಕ ನಾವು ಕೊಟ್ಟಷ್ಟು ಬೆಲೆ ಭಾಳ ಕಡೆ ಕೊಡಲಿಕ್ಕಿಲ್ಲ. ಹೋಳಿ ಆದಮ್ಯಾಲ ಜಾತ್ರಿಗಿ ಬೀಗರು ಬಂದ್ರ ಮನಿತುಂಬ ಚಾದರ್ ಹಾಸಿ ಉಣಿಸ್ತೀವಿ. ಬಡಿಸಿದವರನ್ನ ಎಲ್ಲಾರೂ ಹೊಗಳ್ತಾರ. ಮರುದಿನ ಆ ಚಾದರ್ ಒಗೆದವರನ್ನ ಯಾರು ಕೇಳ್ಯಾರ?

9/10

ನಿಮ್ಮ ಡಿಎಂ ಬರೋಕಿಂತ ಮೊದಲೇ ಉತ್ತರ ಕೊಡ್ತೀನಿ.

"ವಾಷಿಂಗ್ ಮಷಿನ್ ಅದಲ್ಲ ಬ್ರೋ." ಇರಲಿ. ಅರಿಶಿಣ-ಎಣ್ಣಿ ಕಲೆ ಹಂಗೇ ಮಷಿನಿಗೆ ಹಾಕ್ರಿ, ಹಂಗೇ ಹೊರಗ ಬರ್ತದ. ಬಿಸಿನೀರಿಗೆ ಇಟ್ಟಿದ್ರ ಇನ್ನೂ ಗಟ್ಟಿಯಾಗಿ ಬರ್ತದ. ಹಾಕೋ ಮೊದಲು ಯಾರೋ ಕೈಯಿಂದ ಬಿಡಿಸಿರ್ತಾರ. ಆ ಯಾರೋ ನಿಮಗ ಕಾಣಲ್ಲ ಅಷ್ಟೇ.

"ನಮ್ಮ ಮನಿಗಿ ಕೆಲಸದ ಅಕ್ಕ ಬರ್ತಾರ, ಪಗಾರ ಕೊಡ್ತೀವಿ." ಪಗಾರ ಬಟ್ಟಿ ಒಗೆಯೋದಕ್ಕ. ನೀವು ಮೂರು ದಿನ ಒಣಗಿಸಿ ಇಟ್ಟ ಕಲೆ ಹೋಗಲಿಲ್ಲಂದ್ರ ಬೈಗುಳ ಯಾರಿಗೆ? ಅಕಿಗೇ. ನಿಮ್ಮ ಹತ್ತು ನಿಮಿಷ ಉಳೀತು, ಅಕಿ ಮಾತು ಕೇಳಿದ್ಳು.

"ಹುಡುಗೂರು ಚಾದರ್ ಒಗೆದ್ರ ಮಂದಿ ನಗ್ತಾರ." ಹಾಸ್ಟೆಲಿನಾಗ ಯಾರು ಒಗಿತೀರಿ? ಅಲ್ಲಿ ಯಾರೂ ನಗಲ್ಲ. ಅಂದ್ರ ಕೈಗೆ ಬರದ ಕೆಲಸ ಅಲ್ಲ ಅದು, ಮನ್ಯಾಗ ಅವ್ವ ಇದ್ದಾಳಂತ ಬಿಟ್ಟ ಕೆಲಸ.

"ಅವ್ವಗೇ ಮಾಡೋದು ಇಷ್ಟ, ನಾವು ಮಾಡಿದ್ರ ಅಕಿಗಿ ಸರಿ ಬರಲ್ಲ." ಈ ಮಾತು ನಾನೂ ಭಾಳ ಸಲ ಆಡೀನಿ. ಒಂದು ಸರ್ತಿನೂ ಅವ್ವನ್ನ ಕೇಳಿ ಆಡಿಲ್ಲ.

ಲೆಕ್ಕ ಬೇಕಂದ್ರ ಇದೂ ಅದ. ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ 2019ರಾಗ ದೇಶದ ಮಂದಿ ದಿನದ ಹೊತ್ತು ಹೆಂಗ ಕಳೀತಾರ ಅಂತ ಸಮೀಕ್ಷೆ ಮಾಡಿತ್ತು. ಪಗಾರ ಇಲ್ಲದ ಮನಿಕೆಲಸಕ್ಕ ಒಂದು ದಿನದಾಗ ಕೈ ಹಚ್ಚಿದ ಹೆಂಗಸರು 100ಕ್ಕ 81, ಗಂಡಸರು 100ಕ್ಕ 26. ಕೈ ಹಚ್ಚಿದವರೊಳಗೂ ಹೆಂಗಸರು ಕೊಟ್ಟ ಹೊತ್ತು ದಿನಕ್ಕ 299 ನಿಮಿಷ, ಗಂಡಸರದು 97. ಹುಡುಗೀರಿಗೂ ಒಂದು ಮಾತು: ನೀವು ಒಗೀತೀರಿ ಅಂತ ನಿಮ್ಮ ತಮ್ಮಂದಿರದ್ದೂ ಒಗಿಬ್ಯಾಡ್ರಿ. ಅವಗ ಬಕೆಟ್ ತೋರಿಸ್ರಿ ಸಾಕು.

ಒಂದು ಮಾತು ಒಪ್ಕೋತೀನಿ. ಎಲ್ಲಾ ಕಲೆನೂ ಹೋಗಲ್ಲ. ಏನ್ ಮಾಡಿದ್ರೂ ಹೋಗಲಿಲ್ಲಂದ್ರ ಬಿಟ್ಟುಬಿಡ್ರಿ. ಬೀಗರು ನೋಡಿದ್ರ ನೋಡ್ಲಿ. ಯಾವ ಬಿಳಿ ಚಾದರೂ ಒಂದು ಉಸಿರಿನಷ್ಟು ತುಟ್ಟಿ ಅಲ್ಲ.

10/10

ಅವ್ವ ಆರಾಮ ಆದಮ್ಯಾಲ ಆ ಚಾದರ್ ನಾನು ತಗೊಂಡೆ. ಲಿಕ್ವಿಡ್ ಹಚ್ಚೋದು, ತೊಳೆಯೋದು, ಹಸಿ ಇದ್ದಾಗಲೇ ಮಾಳಿಗಿ ಮ್ಯಾಲ ಹಾಕೋದು. ಸಂಜಿ ತೆಗೆದು ನೋಡೋದು, ಮರುದಿನ ಮತ್ತ. ಮೊದಲನೇ ದಿನ ಏನೂ ಫರಕ್ ಕಾಣಲಿಲ್ಲ. ನಾಲ್ಕನೇ ದಿನ ಕೆಂಪು ಪೂರಾ ಹೋತು. ಆರನೇ ದಿನಕ್ಕ ನೀವು ಫೋಟೋದಾಗ ನೋಡಿದಷ್ಟು ಉಳೀತು. ಬಟ್ಟಿ ನಡುವ ಒಂದು ಕಡೆ ಬ್ಲೀಚಿಗೆ ಎಳಿ ತೆಳ್ಳಗ ಆಗ್ಯಾವ, ಅದು ಇನ್ನ ತಿರುಗಿ ಬರಲ್ಲ.

ಮಾಳಿಗಿ ಮ್ಯಾಲ ಹಿಂಡಿ ಹಾಕುವಾಗ ಎದುರ ಮನಿ ಕಾಕಾ ಕೇಳಿದ್ರು, "ಯಾಕೋ, ಅವ್ವಗ ಇನ್ನೂ ಆರಾಮಿಲ್ಲೇನು?" ಅಂತ. ಅವ್ವಗ ಆರಾಮಿಲ್ಲಂದ್ರ ಮಾತ್ರ ಮಗ ಬಟ್ಟಿ ಹಿಂಡ್ತಾನ ಅಂತ ಅವರ ತಿಳುವಳಿಕಿ. ಅದು ಅವರ ತಪ್ಪಲ್ಲ, ಅವರು ನೋಡಿದ್ದೇ ಅದು. "ಆರಾಮ ಆಗ್ಯಾಳ ಕಾಕಾ, ಇದು ನಾ ಚೆಲ್ಲಿದ್ದು" ಅಂದೆ. ಅವರು ಸುಮ್ನೆ ಒಳಗ ಹೋದ್ರು.

ಅವ್ವ ಚಾದರ್ ನೋಡಿ, ಬೆಳಕಿಗೆ ಹಿಡಿದು, "ಇಷ್ಟು ಸಾಕು ಬಿಡು" ಅಂದ್ಳು. ಮಡಚಿ ಟ್ರಂಕಿಗೆ ಇಡುವಾಗ ಈ ಸಲ ಕಲೆ ಮ್ಯಾಲ ಬರೋಹಂಗ ಮಡಚಿದ್ಳು. ಬೇಕಂತ ಮಡಚಿದ್ಳೋ, ಹಂಗೇ ಬಂತೋ, ನಾನು ಕೇಳಲಿಲ್ಲ.

ದವಾಖಾನ್ಯಾಗ ನನ್ನ ಹೆಸರು ಯಾಕ ಹೇಳಲಿಲ್ಲ ಅಂತನೂ ಇನ್ನೂ ಕೇಳಿಲ್ಲ. ಇದನ್ನ ಹಾಕೋಕಿಂತ ಮೊದಲು ಅಕಿಗಿ ಓದಿ ತೋರಿಸ್ದೆ. "ನಿಂದು ಎಲ್ಲಾ ಹೇಳ್ಕೊಂಡಿ, ಛಲೋ ಆತು. ಬಾಜೂ ಮನಿ ಕಾಕುಂದು ಸರಿಯಾಗಿ ಬರಿ, ಅವರು ಬರ್ಲಿಲ್ಲಂದ್ರ ನಾ ಇರ್ತಿರ್ಲಿಲ್ಲ" ಅಂದ್ಳು. ಬರದೀನಿ ಅವ್ವ. ಮೂರನೇ ಪೋಸ್ಟಿನಾಗ ಅದ.

ಇವತ್ತು ರಾತ್ರಿ ಊಟಕ್ಕ ಕುಂತಾಗ ಏನಾದ್ರೂ ಚೆಲ್ಲಿದ್ರ ಫೋನ್ ಬಾಜೂಕ ಇಟ್ಟು ಎದ್ದು ಹೋಗ್ರಿ. ಹತ್ತು ನಿಮಿಷ. ಆಮ್ಯಾಲ ಬಂದು ಉಳಿದ ರೊಟ್ಟಿ ಉಣ್ರಿ, ಆರಿರ್ತದ ಅಷ್ಟೇ.

ಕಾಮೆಂಟಿನಾಗ ಖರೇ ಬರೀರಿ: ನಿಮ್ಮ ಮನ್ಯಾಗ ನಿಮ್ಮ ಡಾಗ್ ಯಾರು ತೆಗಿತಾರ?

#ಬ್ರಹ್ಮಪುರ #ಕಲಬುರಗಿ #ಕಮಲಾಪುರ #ಎಳ್ಳಅಮಾಸಿ #ಹತ್ತುನಿಮಿಷ #ಬ್ಲೀಚಿಗೆಬರೇನೀರು